ಉಗ್ಗಿಗೆ ಮದ್ದು: ಬಜೆಯಿಂದ ಮಾನಸಗಂಗೋತ್ರಿಯವರೆಗೆ

ಶಾಲೆಗೆ ಹೋಗುವ ಮಕ್ಕಳ ಉಗ್ಗಿಗೆ ಕರ್ನಾಟಕದಲ್ಲಿ ಶಾಸ್ತ್ರೀಯ ಚಿಕಿತ್ಸೆ ನೆಲೆಯೂರಿದ್ದು 1960ರ ದಶಕದ ನಡುವಿನಿಂದ ಈಚೆಗೆ. ಅದಕ್ಕೆ ಮೊದಲು ಉಗ್ಗು ಹೆಚ್ಚಾಗಿ ಮನೆಮದ್ದಿನ ವಿಷಯವಾಗಿತ್ತು. ಬಜೆಯ ಬೇರನ್ನು ತೇಯ್ದು ಜೇನಿನಲ್ಲಿ ಕಲಸಿ ಕೂಸಿನ ನಾಲಿಗೆಗೆ ಸವರಿದರೆ ಮಾತು ತಿಳಿಯಾಗುತ್ತದೆಂಬ ನಂಬಿಕೆ ನಾಡಿನ ಹಲವೆಡೆ ಇತ್ತು, ಈಗಲೂ ಇದೆ. ಆಯುರ್ವೇದವೂ ಈ ತೊಂದರೆಯನ್ನು ಗಮನಿಸಿದೆ. ಸುಶ್ರುತ ಸಂಹಿತೆಯ ನಿದಾನಸ್ಥಾನ ಮೂಕತನ ಮತ್ತು ಮೂಗಿನ ಮಾತಿನ ಜೊತೆಗೇ ಗದ್ಗದವನ್ನೂ, ಅಂದರೆ ತಡವರಿಸುವ ಮಾತನ್ನೂ, ಹೇಳಿ, ಕಫದೊಡನೆ ಕೂಡಿದ ವಾಯು ಶಬ್ದವನ್ನು ಹೊರುವ ಧಮನಿಗಳನ್ನು ಆವರಿಸುವುದೇ ಕಾರಣವೆನ್ನುತ್ತದೆ. ಇಂದಿನ ವಿಜ್ಞಾನಕ್ಕೆ ಈ ಕಾರಣ ಒಪ್ಪಿಗೆಯಲ್ಲ. ಆದರೂ ತಪ್ಪನ್ನು ನಾಲಿಗೆಯ ಮೇಲೆ ಹೊರಿಸದಿರುವ ವಿವೇಕ ಅಲ್ಲಿದೆ. 1841ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಡೀಫೆನ್‌ಬಾಕ್ ಉಗ್ಗುವವರ ನಾಲಿಗೆಯ ಬುಡವನ್ನೇ ಕೊಯ್ದ. ಅರಿವಳಿಕೆ ಇನ್ನೂ ಬಳಕೆಗೆ ಬಂದಿರದ ಕಾಲ ಅದು.

ಆಧುನಿಕ ಚಿಕಿತ್ಸೆಯ ಬುನಾದಿಯ ಬಹುಭಾಗ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1920–30ರ ದಶಕಗಳಲ್ಲಿ ರೂಪುಗೊಂಡಿತು. ಎಡಚ ಮಗುವನ್ನು ಬಲಗೈಗೆ ತಿರುಗಿಸಿದರೆ ಮಿದುಳಿನ ಹತೋಟಿ ತಪ್ಪಿ ಉಗ್ಗು ಬರುತ್ತದೆಂದು ಲೀ ಎಡ್ವರ್ಡ್ ಟ್ರಾವಿಸ್ ವಾದಿಸಿದ. ಸ್ವತಃ ಉಗ್ಗುತ್ತಿದ್ದ ವೆಂಡೆಲ್ ಜಾನ್ಸನ್ ಮುಂದೆ ಬೇರೆ ದಾರಿ ಹಿಡಿದ: ಮಕ್ಕಳ ಸಹಜ ತಡವರಿಕೆಗೆ ಹೆತ್ತವರು ಉಗ್ಗೆಂಬ ಹೆಸರಿಟ್ಟಾಗಲೇ ಉಗ್ಗು ಹುಟ್ಟುತ್ತದೆ ಎಂಬುದು ಅವನ ಸಿದ್ಧಾಂತ. ಇದರ ಪರೀಕ್ಷೆಗೆ 1939ರಲ್ಲಿ ಅನಾಥಾಲಯದ 22 ಮಕ್ಕಳನ್ನು ಬಳಸಲಾಯಿತು. ಸರಾಗವಾಗಿ ಮಾತಾಡುತ್ತಿದ್ದ ಆರು ಮಕ್ಕಳಿಗೆ ‘ನೀನು ಉಗ್ಗುತ್ತೀಯ’ ಎಂದು ಹೇಳಲಾಯಿತು. ಅವರು ಉಗ್ಗುಗಾರರಾಗಲಿಲ್ಲ, ಬಾಯಿ ಬಿಡಲು ಅಂಜುವವರಾದರು. ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ.

ಟ್ರಾವಿಸ್, ಜಾನ್ಸನ್ ಮತ್ತು ಶೋವರ್ 1937ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನಕ್ಕೆ ಕೊಡಗಿನಂಥ ಕಡೆ ಹೆಚ್ಚು ಅರ್ಥವಿದೆ. 4,827 ಶಾಲಾ ಮಕ್ಕಳಲ್ಲಿ ಒಂದೇ ಭಾಷೆಯವರ ಪೈಕಿ ಶೇ. 1.8ರಷ್ಟು, ಎರಡು ಭಾಷೆಯವರ ಪೈಕಿ ಶೇ. 2.8ರಷ್ಟು ಮಂದಿ ಉಗ್ಗುತ್ತಿದ್ದರೆಂಬುದು ಅದರ ಲೆಕ್ಕ. ಉಗ್ಗುವ ಮಗುವಿಗೆ ಮನೆಮಾತನ್ನು ಬಿಡಿಸಿ ಎಂಬ ಸಲಹೆಗೆ ಇಂಥ ಲೆಕ್ಕಗಳು ಬಲ ಕೊಟ್ಟವು. ಕೊಡಗಿನಲ್ಲೇ, ನಾಗರಹೊಳೆ ಕಾಡಿಗೆ ಹತ್ತಿರದ ಬಾಳೆಲೆಯ ಸುತ್ತಮುತ್ತ ಕೊಡವ ತಕ್ಕ್, ಯರವ, ಜೇನುಕುರುಬ, ಮಲಯಾಳ ಮನೆಮಾತುಗಳು. ಶಾಲೆಯಲ್ಲಿ ಕನ್ನಡ, ಇಂಗ್ಲಿಷ್. ಎರಡನೆಯ ಭಾಷೆಯೇ ರೋಗಕಾರಣವಾಗಿದ್ದರೆ ಇಲ್ಲಿ ತರಗತಿಗೆ ತರಗತಿಯೇ ಉಗ್ಗಬೇಕಿತ್ತು. ಹಲವು ಭಾಷೆಗಳು ಉಗ್ಗಿಗೆ ಕಾರಣವಲ್ಲವೆಂಬುದು ಇಂದಿನ ತಜ್ಞರ ನಿಲುವು. ಮನೆಮಾತು ಬಿಡಿಸುವ ಸಲಹೆ ಬಿದ್ದುಹೋಗಿದೆ.

ಭಾರತದಲ್ಲಿ ವಾಕ್ ಚಿಕಿತ್ಸೆಯ ತರಬೇತಿ 1960ರ ದಶಕದಲ್ಲಿ ಮುಂಬಯಿ ಮತ್ತು ಮೈಸೂರುಗಳಲ್ಲಿ ಬೇರುಬಿಟ್ಟಿತು. ಮೈಸೂರಿನ ಸಂಸ್ಥೆ 1965ರಲ್ಲಿ ಅಖಿಲ ಭಾರತ ಲೋಗೋಪೀಡಿಕ್ಸ್ ಸಂಸ್ಥೆಯಾಗಿ ಸ್ಥಾಪನೆಗೊಂಡು, ಮುಂದೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಾಗಿ ಮಾನಸಗಂಗೋತ್ರಿಯಲ್ಲಿ ಬೆಳೆಯಿತು. ದಕ್ಷಿಣ ಕೊಡಗಿನವರಿಗೆ ಇದು ತಿತಿಮತಿ, ಹುಣಸೂರಿನ ಮೇಲಿನ ಬಸ್ಸಿನ ದಾರಿ. ಹೋಗಿ ಬರಲು ಒಂದು ದಿನವೇ ಬೇಕು. ವಾರಕ್ಕೆ ಹಲವು ಸಲ ನಡೆಯಬೇಕಾದ ಚಿಕಿತ್ಸೆಯನ್ನು ತೋಟದ ಕೂಲಿಯವರು ನಡುವೆ ಬಿಟ್ಟರೆ ಅಚ್ಚರಿಯಿಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ವಾಕ್ ತಜ್ಞರ ನೋಂದಣಿಯನ್ನು ಕಡ್ಡಾಯ ಮಾಡಿತು. ಅದರಿಂದ ಗುಣಮಟ್ಟ ಹೆಚ್ಚಿತು, ದೂರ ಕಡಿಮೆಯಾಗಲಿಲ್ಲ.

ಚಿಕಿತ್ಸೆಯ ಕ್ರಮದಲ್ಲಿ ಎರಡು ಧಾರೆಗಳಿವೆ. 1960ರ ದಶಕದಲ್ಲಿ ಬಲಗೊಂಡ ಒಂದು ಧಾರೆ ಸರಾಗ ಮಾತನ್ನೇ ಗುರಿಯಾಗಿಸಿಕೊಂಡಿತು: ಉಸಿರನ್ನು ಮೆಲ್ಲಗೆ ಬಿಡುತ್ತ ಮಾತು ಆರಂಭಿಸುವುದು, ಸ್ವರಗಳನ್ನು ಎಳೆದು ನಿಧಾನವಾಗಿ ಹೇಳುವುದು, ಆಮೇಲೆ ಹಂತಹಂತವಾಗಿ ವೇಗ ಕೂಡಿಸುವುದು. ಕೋಣೆಯೊಳಗೆ ಬೇಗ ಫಲ ಕಾಣುತ್ತದೆ. ತರಗತಿಯಲ್ಲಿ ಬೇಗ ಕಳೆದೂ ಹೋಗುತ್ತದೆ. ಇನ್ನೊಂದು ಚಾರ್ಲ್ಸ್ ವ್ಯಾನ್ ರೈಪರ್‌ನದು, ಅವನೂ ಉಗ್ಗುತ್ತಿದ್ದವನೇ. ಉಗ್ಗನ್ನು ಅಡಗಿಸದೆ, ಹೆದರದೆ, ಬಿಗಿತವಿಲ್ಲದೆ ಉಗ್ಗಲು ಅವನು ಕಲಿಸಿದ. ಸಿಕ್ಕಿಬಿದ್ದ ಮಾತನ್ನು ಮುಗಿಸಿ, ತುಸು ತಡೆದು, ಅದನ್ನೇ ಸಡಿಲವಾಗಿ ಮತ್ತೆ ಹೇಳುವುದು ಅವನ ಪದ್ಧತಿ. ಇವಲ್ಲದೆ, ಸಿಡ್ನಿಯಲ್ಲಿ 1980ರ ದಶಕದಲ್ಲಿ ಶುರುವಾದ ಲಿಡ್‌ಕೋಂಬ್ ಕ್ರಮದಲ್ಲಿ ಹೆತ್ತವರೇ ಮನೆಯಲ್ಲಿ ಚಿಕಿತ್ಸೆ ನಡೆಸುತ್ತಾರೆ. ಅದು ಮುಖ್ಯವಾಗಿ ಆರು ವರ್ಷದೊಳಗಿನವರಿಗೆ. ಆ ವಯಸ್ಸಿನಲ್ಲಿ ಬಹುಪಾಲು ಮಕ್ಕಳ ಉಗ್ಗು ತಾನಾಗಿಯೇ ಹೋಗುವುದೂ ಉಂಟು. ಶಾಲೆಯ ವಯಸ್ಸಿಗೂ ಉಳಿದುಕೊಂಡದ್ದು ಅಷ್ಟು ಸುಲಭಕ್ಕೆ ಹೋಗದು, ಆದ್ದರಿಂದ ಇಂದಿನ ಚಿಕಿತ್ಸಕರು ಎರಡೂ ಧಾರೆಗಳನ್ನು ಬೆರೆಸಿ, ಜೊತೆಗೆ ಗೇಲಿಯನ್ನು ಎದುರಿಸುವ ಬಗೆಯನ್ನೂ ಕಲಿಸುತ್ತಾರೆ.

ಮೇಷ್ಟ್ರ ಪಾತ್ರ ದೊಡ್ಡದಾಗುವುದು ಇಲ್ಲಿಯೇ. ಉಗ್ಗುವ ಮಗು ಪ್ರಾರ್ಥನೆ ಹಾಡುವಾಗ, ಎಲ್ಲರೊಡನೆ ಮಗ್ಗಿ ಒಪ್ಪಿಸುವಾಗ ಸಾಮಾನ್ಯವಾಗಿ ತಡವರಿಸುವುದಿಲ್ಲ. ಒಂಟಿಯಾಗಿ ಎದ್ದು ನಿಂತಾಗ ಮಾತು ಸಿಕ್ಕಿಕೊಳ್ಳುತ್ತದೆ. ಇದು ಉಗ್ಗಿನ ಲಕ್ಷಣವೇ ಹೊರತು ನಟನೆಯಲ್ಲ, ಸೋಮಾರಿತನವೂ ಅಲ್ಲ. ಸ್ವಂತ ಹೆಸರು ಹೇಳುವುದು ಹಲವರಿಗೆ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅದರ ಬದಲಿಗೆ ಬೇರೆ ಪದ ಹಾಕಲು ಬರುವುದಿಲ್ಲ. ಹೆಸರಿನ ಬೆನ್ನಿಗೇ ಒಕ್ಕ, ಅಂದರೆ ಮನೆತನ, ಯಾವುದೆಂದು ಕೇಳುವ ಕೊಡಗಿನಲ್ಲಿ ಈ ಕಷ್ಟ ಇಮ್ಮಡಿ. ಓದಿಸುವ ಸರದಿಯಲ್ಲಿ ಇನ್ನೊಬ್ಬರ ಜೊತೆಗೂಡಿ ಓದಲು ಬಿಡುವುದು, ವಾಕ್ಯವನ್ನು ತಾವೇ ಮುಗಿಸಿಬಿಡದೆ ಕಾಯುವುದು ಖರ್ಚಿಲ್ಲದ ನೆರವು.

2020ರ ಬಳಿಕ ವಿಡಿಯೊ ಕರೆಯ ಮೂಲಕ ಚಿಕಿತ್ಸೆ ಹೆಚ್ಚು ಬಳಕೆಗೆ ಬಂದಿದೆ. ಕೊಡಗಿನ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಉಳಿದರೆ ಇದು ಬಸ್ಸಿನ ದಾರಿಯನ್ನು ಉಳಿಸಬಲ್ಲದು. ಕಾನೂನಿನ ನೆರವು ಮಾತ್ರ ಇನ್ನೂ ಕಿರಿದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾತು ಮತ್ತು ಭಾಷೆಯ ಅಂಗವೈಕಲ್ಯವನ್ನು ಗುರುತಿಸಿದರೂ ಅದನ್ನು ಅಂಗ ಅಥವಾ ನರಸಂಬಂಧಿ ಕಾರಣದ ಶಾಶ್ವತ ತೊಂದರೆಗಳಿಗೆ ಸೀಮಿತಗೊಳಿಸಿದೆ. ಉಗ್ಗಿನ ಹೆಸರು ಆ ವ್ಯಾಖ್ಯೆಯಲ್ಲಿಲ್ಲ.