ನಗರವೃಕ್ಷಗಳ ಇಂಗಾಲದ ಲೆಕ್ಕ: ಇತಿಹಾಸ

ನಗರದ ಮರಗಳು ಗಾಳಿಯಿಂದ ಹೀರಿಕೊಂಡ ಇಂಗಾಲವನ್ನು ಮರ ಕಡಿಯದೆ ಅಂದಾಜು ಮಾಡುವ ವಿಧಾನವಿದು. ಎದೆಮಟ್ಟದಲ್ಲಿ ಕಾಂಡಕ್ಕೆ ಟೇಪು ಸುತ್ತಿ ವ್ಯಾಸ ತಿಳಿಯುತ್ತಾರೆ. ಅದರಿಂದ ಸಮೀಕರಣದ ಮೂಲಕ ಒಣತೂಕ ಕಂಡುಹಿಡಿದು, ಅದರ ಸುಮಾರು ಅರ್ಧವನ್ನು ಇಂಗಾಲವೆಂದು ಎಣಿಸುತ್ತಾರೆ. ಸಮೀಕರಣಗಳು ಮಾತ್ರ ಬಹುಪಾಲು ಕಾಡುಮರಗಳನ್ನು ಅಳೆದು ರೂಪಿಸಿದವು.

ಅಮೆರಿಕದಲ್ಲಿ 1991ರಲ್ಲಿ ರೋವನ್ ರೌನ್‌ಟ್ರೀ ಮತ್ತು ಡೇವಿಡ್ ನೋವಾಕ್ ಈ ವಿಷಯದ ಆರಂಭಿಕ ಲೇಖನವೊಂದನ್ನು ಪ್ರಕಟಿಸಿದರು. 1994ರ ಷಿಕಾಗೊ ಅಧ್ಯಯನ ಹೆಚ್ಚು ಪರಿಣಾಮಕಾರಿಯಾಯಿತು. 77 ಸೆಂ.ಮೀ.ಗಿಂತ ದಪ್ಪನೆಯ ಮರ 8 ಸೆಂ.ಮೀ.ಗಿಂತ ಸಣ್ಣ ಮರಕ್ಕಿಂತ ಸುಮಾರು 1000 ಪಟ್ಟು ಇಂಗಾಲ ಹಿಡಿದಿಟ್ಟಿರುತ್ತದೆ ಎಂದು ಅದು ತೋರಿಸಿತು. ನೆಟ್ಟ ಸಸಿಗಳ ಸಂಖ್ಯೆಯನ್ನೇ ಸಾಧನೆಯೆಂದು ಹೇಳಿಕೊಳ್ಳುವವರು ಈ ಅಂಶವನ್ನು ಇಂದಿಗೂ ಮರೆಯುತ್ತಾರೆ.

ತಕರಾರು ಇರುವುದು 0.8 ಎಂಬ ಗುಣಕದ ಬಗ್ಗೆ. ಬಯಲಲ್ಲಿ ಬೆಳೆದು, ಆಗಾಗ ರೆಂಬೆ ಕತ್ತರಿಸಿಕೊಳ್ಳುವ ಮರ ಅಷ್ಟೇ ದಪ್ಪದ ಕಾಡುಮರದಷ್ಟು ತೂಗುವುದಿಲ್ಲವೆಂದು ಕಂಡ ನೋವಾಕ್, ಕಾಡಿನ ಸಮೀಕರಣದ ಉತ್ತರವನ್ನು 0.8ರಿಂದ ಗುಣಿಸಿದರು. ಈ ರೂಢಿ ನಗರವೃಕ್ಷಗಳ ಲೆಕ್ಕದ ಯುಫೋರ್ ಮಾದರಿಯನ್ನೂ, 2006ರಲ್ಲಿ ಬಂದ ಐ-ಟ್ರೀ ತಂತ್ರಾಂಶವನ್ನೂ ಸೇರಿ ಬೇರೆ ದೇಶಗಳಿಗೂ ಹೋಯಿತು. ಒಂದೇ ಗುಣಕ ಎಲ್ಲ ಜಾತಿಗೆ, ಎಲ್ಲ ಹವಾಮಾನಕ್ಕೆ ಹೊಂದೀತೇ? ಕೊಲರಾಡೊದ ಫೋರ್ಟ್ ಕಾಲಿನ್ಸ್ ನಗರದ ಮರಗಳ ಮೇಲೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಮೀಕರಣ ಬದಲಾದರೆ ಒಂಟಿ ಮರದ ಅಂದಾಜು ಶೇ 300ರವರೆಗೂ ವ್ಯತ್ಯಾಸವಾಗಬಲ್ಲದೆಂದು ಕಂಡುಬಂತು. ಇಡೀ ನಗರದ ಮೊತ್ತದಲ್ಲಿ ಅಂತರ ಅದಕ್ಕಿಂತ ಕಡಿಮೆ. 2016ರಲ್ಲಿ ಸಂಶೋಧಕ ಮ್ಯಾಕ್‌ಫರ್ಸನ್ ಮತ್ತು ಸಂಗಡಿಗರು 17 ಅಮೆರಿಕನ್ ನಗರಗಳ 171 ಜಾತಿಯ, 14,000ಕ್ಕೂ ಹೆಚ್ಚು ಮರಗಳ ಅಳತೆಗಳನ್ನು ಪ್ರಕಟಿಸಿದರು. ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ ಲೇಸರ್ ಸ್ಕ್ಯಾನ್ ಬಳಸಿ ಮರಗಳ ತೂಕ ಅಂದಾಜಿಸಿದ ಕೆಲಸ 2018ರಲ್ಲಿ ಹೊರಬಂತು.

ದೇಶಮಟ್ಟದ ಅಂಕಿಗಳನ್ನು ಓದುವಾಗಲೂ ಗೊಂದಲ ಸಾಮಾನ್ಯ. ಅಮೆರಿಕದ ನಗರವೃಕ್ಷಗಳಲ್ಲಿ 70 ಕೋಟಿ ಟನ್ ಇಂಗಾಲವಿದೆ ಎಂದು 2002ರ ಅಂದಾಜು; 2013ರದ್ದು 64.3 ಕೋಟಿ. ಇಷ್ಟರಿಂದಲೇ ಮರಗಳು ನಾಶವಾದವು ಎನ್ನಲಾಗದು: ಮೊದಲನೆಯದಕ್ಕೆ 10 ನಗರಗಳ ಕ್ಷೇತ್ರಮಾಹಿತಿ ಆಧಾರ, ಎರಡನೆಯದಕ್ಕೆ 28 ನಗರಗಳು ಮತ್ತು 6 ರಾಜ್ಯಗಳ ನಗರ ಪ್ರದೇಶಗಳು. ಇವು ಶೇಖರಣೆಯ ಅಂಕಿಗಳು. ವರ್ಷವೊಂದರ ಹೀರಿಕೆ ಬೇರೆ ಲೆಕ್ಕ, 2013ರ ಅಂದಾಜಿನಲ್ಲಿ ಅದು 2.56 ಕೋಟಿ ಟನ್. ಇಂಗಾಲವನ್ನು ಕಾರ್ಬನ್ ಡೈಆಕ್ಸೈಡಿಗೆ ಪರಿವರ್ತಿಸಲು 3.67ರಿಂದ ಗುಣಿಸಬೇಕು; ಪ್ರಚಾರಪತ್ರಗಳಲ್ಲಿ ಎರಡೂ ಬೆರೆತುಹೋಗುವುದುಂಟು. ಸತ್ತ ಮರಗಳನ್ನೂ, ರೆಂಬೆ ಸವರುವ ಯಂತ್ರಗಳ ಇಂಧನವನ್ನೂ ಕಳೆಯಬೇಕೆಂದು 1999ರ ಅಮೆರಿಕದ ಮಾರ್ಗಸೂಚಿಯೇ ಹೇಳಿತ್ತು.

ಭಾರತದ ಅಂಕಿಗಳನ್ನು ಓದುವಾಗಲೂ ಈ ಎಚ್ಚರ ಬೇಕು. ಭಾರತೀಯ ಅರಣ್ಯ ಸಮೀಕ್ಷೆಯ 2021ರ ವರದಿ ಮಹಾನಗರಗಳ ಅರಣ್ಯ ಹೊದಿಕೆಯನ್ನು ಕೊಟ್ಟಿತು; ಬೆಂಗಳೂರಿನದು 89.02 ಚದರ ಕಿ.ಮೀ. ಅದು ವಿಸ್ತೀರ್ಣ. ಇಂಗಾಲದ ತೂಕ ತಿಳಿಯಲು ಜಾತಿ ಮತ್ತು ದಪ್ಪದ ಅಳತೆ ಬೇಕು.