ಜಾರುನೆಲದ ಶಾಸ್ತ್ರ

ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡವನಿಗಾಗಿ ಮರುಗುವ ಲೋಕವು, ಕಾರ್ಖಾನೆಯ ನೆಲದಲ್ಲಿ ಜಾರಿ ಕಾಲು ಮುರಿದುಕೊಂಡವನನ್ನು ಕಂಡೊಡನೆ ಮೊದಲು ನಕ್ಕು, ಆಮೇಲೆ ಕಣ್ಣೆಲ್ಲಿತ್ತೆಂದು ಕೇಳುತ್ತದೆ. ಉದ್ಯೋಗ ಸುರಕ್ಷತೆಯ ಶಾಸ್ತ್ರವೂ ಬಹುಕಾಲ ಈ ಲೋಕರೂಢಿಯನ್ನೇ ಅನುಸರಿಸಿತು. 1931ರಲ್ಲಿ ಅಮೆರಿಕದ ವಿಮಾ ಸಂಸ್ಥೆಯೊಂದರ ಅಧಿಕಾರಿ ಹೈನ್‌ರಿಕ್, ಔದ್ಯೋಗಿಕ ಅಪಘಾತಗಳಲ್ಲಿ ನೂರಕ್ಕೆ 88 ಕಾರ್ಮಿಕರ ಅಜಾಗರೂಕ ವರ್ತನೆಯಿಂದಲೇ ಸಂಭವಿಸತಕ್ಕವೆಂದು ಪ್ರತಿಪಾದಿಸಿದನು. ಈ ಗಣನೆಗೆ ಆಧಾರವಾದದ್ದು ವಿಮೆಯ ಕಡತಗಳೂ ಕಾರ್ಖಾನೆಯ ಒಡೆಯರೇ ಇಟ್ಟ ದಾಖಲೆಗಳೂ ಎಂಬುದನ್ನು ನೆನೆದರೆ, ಬಿದ್ದವನ ಸಾಕ್ಷ್ಯ ಅದರಲ್ಲಿ ಎಷ್ಟಿದ್ದೀತೆಂಬ ಸಂದೇಹ ಸಹಜವಾಗಿಯೇ ಮೂಡುತ್ತದೆ.

ಘರ್ಷಣೆಯ ನಿಯಮಗಳು ಆ ವೇಳೆಗಾಗಲೇ ಹಳೆಯವಾಗಿದ್ದವು. 1699ರಲ್ಲಿ ಅಮೋಂತೋನ್, 1785ರಲ್ಲಿ ಕೂಲಂಬ್ ಅವನ್ನು ನಿರೂಪಿಸಿದ್ದರೂ, ಇಬ್ಬರ ಲಕ್ಷ್ಯವೂ ಯಂತ್ರಗಳಲ್ಲಿ ನೆಟ್ಟಿದ್ದುದರಿಂದ ಮನುಷ್ಯನ ಹಿಮ್ಮಡಿಗೆ ಅಲ್ಲಿ ಸ್ಥಾನ ದೊರೆಯಲಿಲ್ಲ. 1940ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಸಿಗ್ಲರ್, ತೂಗುವ ತೋಳಿನ ತುದಿಗೆ ಹಿಮ್ಮಡಿಯಂಥ ಬಿಲ್ಲೆಯೊಂದನ್ನು ಜೋಡಿಸಿ, ಅದು ನೆಲವನ್ನು ಸವರಿಕೊಂಡು ಮೇಲೇರುವ ಎತ್ತರದಿಂದ ನೆಲದ ಹಿಡಿತವನ್ನು ಅಳೆಯುವ ಲೋಲಕವನ್ನು ರಚಿಸಿದನು. ಬ್ರಿಟನ್ನಿನ ರಸ್ತೆ ಸಂಶೋಧನಾಲಯವು ಅದನ್ನು ರಸ್ತೆಗಳ ಪರೀಕ್ಷೆಗೆ ಒಗ್ಗಿಸಿಕೊಂಡಿತು. ಕಾಲಾನಂತರದಲ್ಲಿ ಅದೇ ಉಪಕರಣ ಅಲ್ಲಿನ ಕಾರ್ಖಾನೆ, ಅಡುಗೆಮನೆಗಳ ನೆಲವನ್ನೂ ಅಳೆಯತೊಡಗಿತು. ಅದರ ಮಾನ 36ಕ್ಕೆ ಕಡಿಮೆಯಿಲ್ಲದಿದ್ದರೆ ಜಾರುವ ಸಂಭವ ಅಲ್ಪವೆಂದು ಅಲ್ಲಿ ಈಗ ಎಣಿಸುತ್ತಾರೆ.

ನ್ಯಾಯಾಲಯಗಳು ಅಷ್ಟು ಬೇಗ ಕದಲಲಿಲ್ಲ. ಲಂಡನ್ನಿನ ಬಳಿಯ ಸೌತ್‌ಹಾಲ್‌ನ ಕಾರ್ಖಾನೆಯೊಂದಕ್ಕೆ ಮಳೆಯ ನೀರು ನುಗ್ಗಿ, ನೆಲದ ಕಾಲುವೆಯಲ್ಲಿ ಹರಿಯುತ್ತಿದ್ದ ಎಣ್ಣೆಬೆರೆತ ದ್ರವದೊಡನೆ ಕೂಡಿ, ಇಳಿದ ಮೇಲೆ ಎಲ್ಲೆಡೆ ಜಿಡ್ಡನ್ನುಳಿಸಿತು. ಇದ್ದ ಮರದ ಹೊಟ್ಟನ್ನೆಲ್ಲ ಎರಚಿದರೂ ಸಾಲದೆ ಹೋದೊಂದೆಡೆ, ರಾತ್ರಿಪಾಳಿಯ ಕಾರ್ಮಿಕನೊಬ್ಬನು ಭಾರವಾದ ಪೀಪಾಯಿಯನ್ನು ತಳ್ಳುಗಾಡಿಗೆ ಏರಿಸುವಾಗ ಜಾರಿ ಹರಡನ್ನು ಜಜ್ಜಿಸಿಕೊಂಡನು. 1953ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವು, ಒಡೆಯನು ಯುಕ್ತವಾದುದನ್ನೆಲ್ಲ ಮಾಡಿದ್ದಾನೆ, ಕಾರ್ಖಾನೆಯನ್ನೇ ಮುಚ್ಚಬೇಕಿರಲಿಲ್ಲ, ತಾತ್ಕಾಲಿಕ ಜಿಡ್ಡಿನಿಂದ ನೆಲ ದುಃಸ್ಥಿತಿಗಿಳಿಯಿತೆನ್ನಲಾಗದು ಎಂದು ತೀರ್ಮಾನಿಸಿತು. ನಮ್ಮ 1948ರ ಕಾರ್ಖಾನೆಗಳ ಕಾಯಿದೆಯ 32ನೆಯ ಪ್ರಕರಣವೂ ಆರಂಭದಲ್ಲಿ ನೆಲದ ದೃಢತೆಯನ್ನೂ ಸುಸ್ಥಿತಿಯನ್ನೂ ಮಾತ್ರ ವಿಧಿಸಿತ್ತು. ಅಡೆತಡೆಗಳೂ ಜಾರಿಸುವ ಪದಾರ್ಥಗಳೂ ಅಲ್ಲಿರಬಾರದೆಂಬ ಮಾತು ತಿದ್ದುಪಡಿಯಿಂದ ಬಂದದ್ದು. ಗೋಡೆಗೆ ಅಂಟಿಸುವ ಎಚ್ಚರಿಕೆಯ ಫಲಕಗಳೆಲ್ಲಕ್ಕಿಂತ ಆ ಒಂದು ವಾಕ್ಯವೇ ನನಗೆ ತೂಕದ್ದಾಗಿ ತೋರುತ್ತದೆ.

1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸ್ಟ್ರಾಂಡ್‌ಬರ್ಗ್ ಮತ್ತು ಲಾನ್ಸ್‌ಹಮ್ಮರ್ ಜಾರುವ ಕ್ರಿಯೆಯನ್ನೇ ಸೂಕ್ಷ್ಮವಾಗಿ ಪರಿಶೀಲಿಸಿ, ಹಿಮ್ಮಡಿ ನೆಲಕ್ಕೆ ತಾಕಿದ ಕೂಡಲೇ, ಮೈಭಾರ ಆ ಕಾಲಿಗೆ ವರ್ಗವಾಗುತ್ತಿರುವ ಕ್ಷಣವೇ ಅತ್ಯಂತ ಅಪಾಯಕಾರಿಯೆಂದು ತೋರಿಸಿದರು. ಅಷ್ಟು ಅಲ್ಪಾವಧಿಯಲ್ಲಿ ಪಾದದಡಿಯ ನೀರು ಪಕ್ಕಕ್ಕೆ ಸರಿಯದಿದ್ದರೆ ಮನುಷ್ಯನು ನೆಲದ ಮೇಲಲ್ಲ, ನೀರಿನ ಪದರದ ಮೇಲೆ ನಿಂತಿರುತ್ತಾನೆ. ನೆಲದ ಕಣ್ಣಿಗೆ ಕಾಣದ ತರಿಗಳು ಆ ಪದರವನ್ನು ಭೇದಿಸಬೇಕು, ಎಣ್ಣೆಯಾದರೆ ತರಿಗಳು ಇನ್ನೂ ಎತ್ತರವಾಗಿರಬೇಕು. ಒಣಗಿದ್ದಾಗ ನಿರುಪದ್ರವಿಯಾದ ನುಣುಪು ಗ್ರಾನೈಟು ಒಂದು ಚೆಂಬು ನೀರಿಗೆ ಏಕೆ ವಿಶ್ವಾಸಘಾತುಕವಾಗುತ್ತದೆಂಬುದು ಇದರಿಂದ ವಿಶದವಾಗುತ್ತದೆ. ಪಾದರಕ್ಷೆಯ ಪಾತ್ರವೂ ಅನಂತರ ಸ್ಥಿರಪಟ್ಟಿತು: ಅಮೆರಿಕದ ಶಾಲಾ ಅಡುಗೆಮನೆಗಳ ಕೆಲಸಗಾರರಿಗೆ ಜಾರದ ಬೂಟುಗಳನ್ನು ಬಿಟ್ಟಿಯಾಗಿ ಒದಗಿಸಿ ನಡೆಸಿದ ಪ್ರಯೋಗವೊಂದರಲ್ಲಿ, ಜಾರಿ ಗಾಯಗೊಂಡವರ ಪರಿಹಾರದ ಕೋರಿಕೆಗಳು ಶೇಕಡಾ 67ರಷ್ಟು ಇಳಿದವು. ಬಿಟ್ಟಿಯಾಗಿ ಎಂಬುದನ್ನು ಓದುಗರು ಗಮನಿಸಬೇಕು.

ಎಡವುವುದರ ಕಥೆ ಬೇರೆ. ಸಮತಲದಲ್ಲಿ ನಡೆವಾಗ ಕಾಲ್ಬೆರಳ ತುದಿ ನೆಲದಿಂದ ಮೇಲೆ ಹಾಯುವುದು ಒಂದೆರಡು ಸೆಂಟಿಮೀಟರು ಮಾತ್ರ. ಎದ್ದುನಿಂತ ಹಾಸುಗಲ್ಲಿನ ಅಂಚೊಂದು, ಹಾದಿಗಡ್ಡವಾಗಿ ಎಳೆದ ವೈರೊಂದು ಸಾಕು. ಮೆಟ್ಟಿಲುಗಳ ವಿಷಯದಲ್ಲಂತೂ 1675ರಷ್ಟು ಹಿಂದೆಯೇ ಫ್ರಾನ್ಸಿನ ಬ್ಲೋಂಡೆಲ್ ಹೆಜ್ಜೆಯ ಅಳತೆಗೆ ಮೆಟ್ಟಿಲಿನ ಎತ್ತರ, ಅಗಲಗಳನ್ನು ಹೊಂದಿಸುವ ಸೂತ್ರವನ್ನು ಕೊಟ್ಟಿದ್ದನು. ಆದರೂ ಮೇಸ್ತ್ರಿಯು ಮೆಟ್ಟಿಲುಗಳನ್ನು ಸಮನಾಗಿ ಕಟ್ಟಿಹೋದ ಮೇಲೆ ನೆಲಕ್ಕೆ ಗಾರೆಯನ್ನೂ ಟೈಲ್ಸನ್ನೂ ಹಾಸಿ, ಕೊನೆಯ ಮೆಟ್ಟಿಲನ್ನು ಮಿಕ್ಕವಕ್ಕಿಂತ ಎರಡು ಬೆರಳು ತಗ್ಗಿಸಿಬಿಡುವುದು ಇಂದಿಗೂ ಸಾಮಾನ್ಯ; ಅಲ್ಲಿ ಮುಗ್ಗರಿಸಿದವನನ್ನು ನೋಡಿ ನಡೆಯಬಾರದಿತ್ತೇ ಎಂದು ಗದರುವುದೂ ಅಷ್ಟೇ ಸಾಮಾನ್ಯ.