ಪಾದರಸವೂ ಬಿಳುಪಿನ ಹಂಬಲವೂ



ಕೆಲವು ತಿಂಗಳ ಹಿಂದೆ ನಮ್ಮ ಸಂಬಂಧಿಕರೊಬ್ಬರ ಮನೆಯ ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಕೈತೊಳೆದು ಬರುವಷ್ಟರಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದುರಾದಳು. 1988ರಲ್ಲಿ ನನ್ನ ಹತ್ತನೆಯ ತರಗತಿಯಲ್ಲಿದ್ದವಳು. ಈಗ ಮದುವೆಯ ವಯಸ್ಸಿಗೆ ಬಂದ ಮಗಳ ತಾಯಿ. ಕುಶಲ ಪ್ರಶ್ನೆಗಳಾದ ಮೇಲೆ ಕೈಚೀಲದಿಂದ ಒಂದು ಪುಟ್ಟ ಡಬ್ಬಿಯನ್ನು ತೆಗೆದು, "ಮೇಷ್ಟ್ರೇ, ನೀವು ನಮಗೆ ರಸಾಯನಶಾಸ್ತ್ರ ಹೇಳಿಕೊಟ್ಟವರು. ಈ ಕ್ರೀಮನ್ನು ಮಗಳು ಎರಡು ತಿಂಗಳಿಂದ ಹಚ್ಚಿಕೊಳ್ಳುತ್ತಿದ್ದಾಳೆ. ಹದಿನೈದೇ ದಿನಕ್ಕೆ ಮುಖ ಬೆಳ್ಳಗಾಯಿತು. ಇಂಥವುಗಳಲ್ಲಿ ಪಾದರಸ ಇರುತ್ತದಂತೆ, ನಿಜವೇ?" ಎಂದು ಕೇಳಿದಳು.

ಕನ್ನಡಕ ಏರಿಸಿ ಡಬ್ಬಿಯನ್ನು ತಿರುಗಿಸಿ ನೋಡಿದೆ. ಹೊಳೆಯುವ ಮುಚ್ಚಳ, ಒಬ್ಬ ಬೆಡಗಿಯ ಚಿತ್ರ. ತಯಾರಕರ ವಿಳಾಸವಿಲ್ಲ, ಪರವಾನಗಿ ಸಂಖ್ಯೆಯಿಲ್ಲ, ಒಳಗೆ ಏನೇನು ಬೆರೆಸಿದೆಯೆಂಬ ಪಟ್ಟಿಯೂ ಇಲ್ಲ. "ಬರಿಗಣ್ಣಿನಿಂದ ನೋಡಿ ಹೇಳಲು ಯಾರಿಗೂ ಸಾಧ್ಯವಿಲ್ಲಮ್ಮ. ಇಂದೇ ನಿಲ್ಲಿಸಲು ಹೇಳು. ವೈದ್ಯರಿಗೆ ಈ ಡಬ್ಬಿಯನ್ನು ತೋರಿಸಿ ಮೂತ್ರ ಪರೀಕ್ಷೆ ಮಾಡಿಸು" ಎಂದೆ. "ಮುಖಕ್ಕೆ ಹಚ್ಚಿದ್ದಕ್ಕೆ ಮೂತ್ರ ಪರೀಕ್ಷೆಯೇ?" ಎಂದು ಅವಳು ಬೆರಗಾದಳು. ಅವಳ ಆ ಬೆರಗಿಗೆ ಉತ್ತರವಾಗಿ, ಮನೆಗೆ ಬಂದು ಓದಿ ತಿಳಿದುಕೊಂಡದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ವಿಜ್ಞಾನ. ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದು ತಯಾರಾಗಲು ಟೈರೊಸಿನೇಸ್ ಎಂಬ ಕಿಣ್ವ ಬೇಕು. ಪಾದರಸದ ಲವಣಗಳು ಈ ಕಿಣ್ವದ ಕೆಲಸವನ್ನು ತಡೆಯುತ್ತವೆ. ಆದ್ದರಿಂದ ಚರ್ಮ ಬೇಗನೆ ಬಿಳುಪೇರುತ್ತದೆ. ಅಂದರೆ ಆ ಕ್ರೀಮು ಸುಳ್ಳು ಹೇಳುವುದಿಲ್ಲ. ಹೇಳಿದ ಕೆಲಸವನ್ನು ಮಾಡಿ ತೋರಿಸುತ್ತದೆ. ಅಪಾಯವಿರುವುದೇ ಅಲ್ಲಿ. ಹಚ್ಚಿದ್ದು ಚರ್ಮದ ಮೇಲೆಯೇ ನಿಲ್ಲದೆ ರಕ್ತಕ್ಕೆ ಇಳಿದು ಮೂತ್ರಪಿಂಡಗಳಲ್ಲಿ ಸಂಗ್ರಹವಾಗುತ್ತದೆ. ಸೋಸುವ ಜಾಲರಿ ಹಾಳಾದಾಗ ದೇಹದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತದೆ. ಮುಖ, ಕಾಲು ಊದಿಕೊಳ್ಳುತ್ತವೆ. ವೈದ್ಯರು ಇದನ್ನು ನೆಫ್ರಾಟಿಕ್ ಸಿಂಡ್ರೋಮ್ ಎನ್ನುತ್ತಾರೆ. ಪಾದರಸವು ನರಮಂಡಲವನ್ನೂ ಬಿಡುವುದಿಲ್ಲ: ಕೈನಡುಕ, ನಿದ್ರಾಹೀನತೆ, ಮರೆವು, ಮಂಕು.

ಇದು ಹೊಸದಾಗಿ ತಿಳಿದ ಸಂಗತಿಯೇ ಎಂದರೆ, ಅಲ್ಲ. ಹದಿನಾರನೆಯ ಶತಮಾನದ ಇಟಲಿ ಮತ್ತು ಇಂಗ್ಲೆಂಡಿನ ಸಿರಿವಂತ ಹೆಂಗಸರು ಕಲೆಗಳನ್ನು ಅಳಿಸಿ ಮುಖವನ್ನು ಬೆಳ್ಳಗಾಗಿಸಲು 'ಸಬ್ಲಿಮೇಟ್' ಎಂಬ ವಸ್ತುವನ್ನು ಬಳಸುತ್ತಿದ್ದರು. ನಾವು ಪಾಠದಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಎಂದು ಕಲಿಯುವುದು ಅದನ್ನೇ. ಇಟಲಿಯ ಲೊಮಾಟ್ಸೊ ಬರೆದ ಚಿತ್ರಕಲೆಯ ಗ್ರಂಥವು 1598ರಲ್ಲಿ ರಿಚರ್ಡ್ ಹೇಡಾಕ್ ಅವರ ಇಂಗ್ಲಿಷ್ ಅನುವಾದದಲ್ಲಿ ಪ್ರಕಟವಾದಾಗ, ಈ ವಸ್ತುವಿನಿಂದ ಮುಖ ಕೆಡುವುದೆಂಬ ಎಚ್ಚರಿಕೆ ಅದರಲ್ಲಿಯೇ ಅಚ್ಚಾಗಿತ್ತು. ತಿಳಿವಳಿಕೆ ನಾಲ್ಕು ಶತಮಾನಗಳಷ್ಟು ಹಳೆಯದು. ಕಾನೂನು ಮಾತ್ರ ಬಹಳ ತಡವಾಗಿ ಬಂದಿತು.

ಎಷ್ಟು ತಡವೆಂದರೆ, ಅಮೆರಿಕದಂತಹ ದೇಶದಲ್ಲಿಯೂ 1906ರ ಆಹಾರ ಮತ್ತು ಔಷಧ ಕಾಯಿದೆಯಲ್ಲಿ ಸೌಂದರ್ಯವರ್ಧಕಗಳ ಪ್ರಸ್ತಾಪವೇ ಇರಲಿಲ್ಲ. 1930ರ ಸುಮಾರಿಗೆ ಅಲ್ಲಿ ಕೊರೆಮ್ಲು ಎಂಬ ಕೂದಲು ತೆಗೆಯುವ ಕ್ರೀಮು ಮಾರಾಟವಾಯಿತು. ಅದರಲ್ಲಿದ್ದುದು ಥ್ಯಾಲಿಯಮ್ ಅಸಿಟೇಟ್, ಅಂದರೆ ಇಲಿಪಾಷಾಣಕ್ಕೆ ಬಳಸುವ ಲೋಹದ ಲವಣ. ಹಚ್ಚಿಕೊಂಡ ಹೆಂಗಸರ ತಲೆಗೂದಲು ಉದುರಿತು, ನರಗಳು ಸೋತು ಕಾಲುಗಳ ಶಕ್ತಿ ಕುಂದಿತು. ಸರ್ಕಾರದ ಅಧಿಕಾರಿಗಳಿಗೆ ವಿಷಯ ತಿಳಿದಿದ್ದರೂ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವಿರಲಿಲ್ಲ. ಇಂತಹ ಅನಾಹುತಗಳ ಬಳಿಕ, 1938ರಲ್ಲಿ, ಸೌಂದರ್ಯವರ್ಧಕಗಳನ್ನೂ ಒಳಗೊಂಡ ಹೊಸ ಕಾಯಿದೆ ಅಲ್ಲಿ ಜಾರಿಗೆ ಬಂದಿತು. ಕಾಯಿದೆ ಬಂದ ಮೇಲೂ ಪಾದರಸದ ಕ್ರೀಮುಗಳು ದಶಕಗಳ ಕಾಲ ಅಂಗಡಿಗಳಲ್ಲಿ ಉಳಿದವು.

ಪಾದರಸದ ವಿರುದ್ಧ ಪ್ರಬಲ ಸಾಕ್ಷ್ಯ ದೊರೆತದ್ದು ಆಫ್ರಿಕಾದಲ್ಲಿ. ಕೀನ್ಯಾದ ನೈರೋಬಿಯ ವೈದ್ಯರು ನೆಫ್ರಾಟಿಕ್ ಸಿಂಡ್ರೋಮ್ ಇದ್ದ 60 ಮಂದಿ ರೋಗಿಗಳನ್ನು ವಿಚಾರಿಸಿದಾಗ ಅವರಲ್ಲಿ 32 ಮಂದಿ ಪಾದರಸದ ಕ್ರೀಮು ಹಚ್ಚಿಕೊಳ್ಳುತ್ತಿದ್ದರೆಂದು ತಿಳಿಯಿತು. 1972ರಲ್ಲಿ ಅದರ ವರದಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮರುವರ್ಷ, 1973ರಲ್ಲಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಪಾದರಸಕ್ಕೆ ಕಡಿವಾಣ ಹಾಕಿತು: ಕಣ್ಣಿನ ಸುತ್ತ ಬಳಸುವ ಪ್ರಸಾಧನಗಳು ಕೆಡದಂತೆ ಹತ್ತು ಲಕ್ಷ ಭಾಗಗಳಲ್ಲಿ 65 ಭಾಗದವರೆಗೆ, ಉಳಿದವುಗಳಲ್ಲಿ ತಪ್ಪಿಸಲಾಗದೆ ಸೇರಿಕೊಂಡ ಲವಲೇಶವಾದರೆ 1 ಭಾಗಕ್ಕಿಂತ ಕಡಿಮೆ. 1976ರಲ್ಲಿ ಯುರೋಪಿನ ರಾಷ್ಟ್ರಗಳ ಒಕ್ಕೂಟವೂ ಪಾದರಸವನ್ನು ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿಸಿತು.

ಇಲ್ಲಿ ಒಂದು ವಿಷಾದದ ಸಂಗತಿ. ಯುರೋಪಿನಲ್ಲಿ ಮಾರುವಂತಿಲ್ಲವೆಂದು ಆದ ಮೇಲೂ, ಅಲ್ಲಿಯೇ ತಯಾರಾದ ಪಾದರಸದ ಸಾಬೂನುಗಳು ಆಫ್ರಿಕಾದ ದೇಶಗಳಿಗೆ ರಫ್ತಾಗುತ್ತಲೇ ಇದ್ದವು. ತಮ್ಮ ಮಕ್ಕಳಿಗೆ ಬೇಡವಾದ ವಿಷ ಪರರ ಮಕ್ಕಳಿಗೆ ಆಗಬಹುದು ಎಂಬ ಧೋರಣೆ! ಅಂತಹ ಸಾಬೂನುಗಳ ರಫ್ತನ್ನು ಯುರೋಪ್ ನಿಷೇಧಿಸಿದ್ದು 2003ರಲ್ಲಿ. ಮೊದಲ ನಿಷೇಧಕ್ಕೂ ಇದಕ್ಕೂ ನಡುವೆ 27 ವರ್ಷಗಳು.

ನಿಯಮವಿರುವ ದೇಶದೊಳಗೂ ವಿಷ ನುಸುಳಿ ಬರುತ್ತದೆ. 1996ರಲ್ಲಿ ಅಮೆರಿಕದ ಟೆಕ್ಸಾಸ್ ಮುಂತಾದ ರಾಜ್ಯಗಳಲ್ಲಿ ಮೆಕ್ಸಿಕೋದಿಂದ ಬಂದ ಒಂದು ಕ್ರೀಮನ್ನು ಪರೀಕ್ಷಿಸಿದಾಗ ತೂಕದಲ್ಲಿ ಶೇಕಡಾ 6ರಿಂದ 10ರಷ್ಟು ಪಾದರಸ ಸಿಕ್ಕಿತು. ಅದರ ಚೀಟಿಯಲ್ಲಿ 'ಕ್ಯಾಲೊಮೆಲ್' ಎಂದು ಬರೆದೇ ಇತ್ತು. ಕ್ಯಾಲೊಮೆಲ್ ಎಂದರೆ ಮರ್ಕ್ಯುರಸ್ ಕ್ಲೋರೈಡ್ ಎಂದು ಕೊಂಡವರಲ್ಲಿ ಎಷ್ಟು ಮಂದಿಗೆ ತಿಳಿದಿರಲು ಸಾಧ್ಯ? 2019ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ 47 ವರ್ಷದ ಒಬ್ಬ ಮಹಿಳೆ, ಪರಿಚಿತರ ಮೂಲಕ ತರಿಸಿಕೊಂಡ ಕ್ರೀಮಿನಿಂದ ಅರೆಪ್ರಜ್ಞಾವಸ್ಥೆಗೆ ಜಾರಿದರು. ಅದಕ್ಕೆ ಪಾದರಸದ ಇನ್ನೂ ಘೋರವಾದ ಸಾವಯವ ರೂಪವನ್ನು ಬೆರೆಸಲಾಗಿತ್ತು.

ಈಗ ನಮ್ಮ ದೇಶಕ್ಕೆ ಬರೋಣ. 1940ರಲ್ಲಿ ಬಂದದ್ದು ಬರಿಯ ಔಷಧ ಕಾಯಿದೆ. 1962ರ ತಿದ್ದುಪಡಿಯಿಂದ ಸೌಂದರ್ಯವರ್ಧಕಗಳೂ ಅದರ ವ್ಯಾಪ್ತಿಗೆ ಸೇರಿದವು. ಕಾಯಿದೆಯ ಹೆಸರೂ ಅದಕ್ಕೆ ತಕ್ಕಂತೆ ಬದಲಾಯಿತು. ಸೀಸ ಮತ್ತು ಆರ್ಸೆನಿಕ್ ಸಂಯುಕ್ತಗಳನ್ನು ಬಣ್ಣಕ್ಕಾಗಿ ಬಳಸಬಾರದೆಂಬ ನಿಯಮ ಬಂದಿತು. 2020ರ ಸೌಂದರ್ಯವರ್ಧಕ ನಿಯಮಾವಳಿಯಲ್ಲಿ ಪಾದರಸಕ್ಕೆ ನಿಗದಿಯಾದ ಮಿತಿ, ಕಣ್ಣಿನ ಪ್ರಸಾಧನಗಳಿಗೆ ಹತ್ತು ಲಕ್ಷದಲ್ಲಿ 70 ಭಾಗ. ಉಳಿದವುಗಳಲ್ಲಿ ಅರಿವಿಲ್ಲದೆ ಸೇರಿದ್ದಾದರೆ 1 ಭಾಗ.

ಜಗತ್ತಿನ ಮಟ್ಟದಲ್ಲಿ ಮಿನಮಾಟ ಒಪ್ಪಂದವಿದೆ. ಜಪಾನಿನ ಮಿನಮಾಟ ಕೊಲ್ಲಿಗೆ ಕಾರ್ಖಾನೆಯೊಂದು ಹರಿಯಬಿಟ್ಟ ಪಾದರಸ ಮೀನುಗಳನ್ನು ಸೇರಿ, ಅವುಗಳನ್ನು ತಿಂದ ಜನರ ನರಮಂಡಲವನ್ನು ನಾಶಮಾಡಿದ ಕಥೆಯನ್ನು ತರಗತಿಯಲ್ಲಿ ನಾನು ನಿಮಗೆ ಹೇಳಿದ್ದು ನೆನಪಿರಬಹುದು. ಆ ರೋಗವನ್ನು ಅಧಿಕೃತವಾಗಿ ಗುರುತಿಸಿದ್ದು 1956ರಲ್ಲಿ. ಆ ಊರಿನ ಹೆಸರಿನ ಒಪ್ಪಂದಕ್ಕೆ ದೇಶಗಳು ಅಂಗೀಕಾರ ಕೊಟ್ಟದ್ದು 2013ರಲ್ಲಿ. ಭಾರತ ಅದನ್ನು 2018ರಲ್ಲಿ ಅನುಮೋದಿಸಿತು. 1 ಭಾಗಕ್ಕಿಂತ ಹೆಚ್ಚು ಪಾದರಸವಿರುವ ಬಿಳುಪಿನ ಕ್ರೀಮು, ಸಾಬೂನುಗಳನ್ನು 2020ರೊಳಗೆ ನಿಲ್ಲಿಸಬೇಕೆಂದು ಅದರಲ್ಲಿತ್ತು. 2023ರಲ್ಲಿ ಜಿನೀವಾದಲ್ಲಿ ಸೇರಿದ ಸದಸ್ಯ ದೇಶಗಳು ಆ ಒಂದು ಭಾಗದ ಮಿತಿಯನ್ನೂ ತೆಗೆದುಹಾಕಿ, ಪಾದರಸ ಸೇರಿಸಿದ ಸೌಂದರ್ಯವರ್ಧಕಗಳು 2025ರೊಳಗೆ ಸಂಪೂರ್ಣ ನಿಲ್ಲಬೇಕೆಂದು ನಿರ್ಣಯಿಸಿದವು.

ಇಷ್ಟೆಲ್ಲ ಕಟ್ಟಳೆಗಳ ನಡುವೆಯೇ ನಮ್ಮ ನೆರೆಯ ಕೇರಳದಲ್ಲಿ ನಡೆದದ್ದನ್ನು ಕೇಳಿ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರಲ್ಲಿ 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ಪ್ರಕರಣಗಳು ಪತ್ತೆಯಾದವು. ಅವರಲ್ಲಿ 15 ಮಂದಿಗೆ ಇದ್ದದ್ದು ಸಾಮಾನ್ಯವಾಗಿ ಅಪರೂಪವೆನಿಸುವ ಒಂದು ಪ್ರಭೇದ. ವೈದ್ಯರು ವಿಚಾರಿಸಿದಾಗ ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚಿಕೊಳ್ಳುತ್ತಿದ್ದುದಾಗಿ ಒಪ್ಪಿಕೊಂಡರು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರೆಂಬುದೇ ಸಮಾಧಾನ. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ನಡೆಸಿತು.

ನೈರೋಬಿಯ ವರದಿಗೂ ಕೋಟ್ಟಕ್ಕಲ್‌ನ ವರದಿಗೂ ನಡುವೆ ಐವತ್ತು ವರ್ಷಗಳಿವೆ. ವಿಷ ಅದೇ, ರೋಗ ಅದೇ ಜಾತಿಯದು, ಪತ್ತೆಯಾದ ಬಗೆಯೂ ಅದೇ. ಹಾಗಾದರೆ ಕಾನೂನು ವ್ಯರ್ಥವೇ? ಖಂಡಿತ ಅಲ್ಲ. ವಿಳಾಸ ಬರೆದು, ಪರವಾನಗಿ ಪಡೆದು ಮಾರುವ ತಯಾರಕನನ್ನು ಕಾನೂನು ಹಿಡಿದು ನಿಲ್ಲಿಸಬಲ್ಲದು. ವಿಳಾಸವೇ ಇಲ್ಲದ ಡಬ್ಬಿಯನ್ನು ಎಲ್ಲಿ ಹುಡುಕುವುದು? ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟು: ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ ಇಲ್ಲದ್ದನ್ನು ಕೊಳ್ಳಬೇಡಿ, ವಿದೇಶದ್ದಾದರೆ ಆಮದುದಾರರ ವಿಳಾಸ ಮತ್ತು ನೋಂದಣಿ ಸಂಖ್ಯೆ ನೋಡಿ. ಮರ್ಕ್ಯುರಿ, ಮರ್ಕ್ಯುರಿಕ್, ಮರ್ಕ್ಯುರಸ್, ಮರ್ಕ್ಯುರಿಯೊ, ಕ್ಯಾಲೊಮೆಲ್ ಎಂಬ ಯಾವ ಹೆಸರು ಕಂಡರೂ ದೂರವಿಡಿ. ಕೆಲವೇ ದಿನಗಳಲ್ಲಿ ಬಿಳುಪು ತಂದರೆ ಹಿಗ್ಗಬೇಡಿ, ಅನುಮಾನಿಸಿ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಎರಡು ಮಾತು ಉಳಿದಿವೆ.

ಮೊದಲನೆಯದು: ಪ್ರಯೋಗಶಾಲೆಯಲ್ಲಿ ಪಾದರಸವನ್ನು ನಿಮ್ಮ ಅಂಗೈಗೆ ಸುರಿದು, ಬೆಳ್ಳಿಯ ಮಣಿಗಳಂತೆ ಉರುಳುವುದನ್ನು ತೋರಿಸಿ ನಿಮ್ಮೊಡನೆ ನಾನೂ ಸಂತೋಷಪಟ್ಟವನು. ಅದರ ಆವಿ ಉಸಿರಿಗೆ ಸೇರಬಾರದೆಂದು ಅಂದು ನಾನು ಎಚ್ಚರಿಸಲಿಲ್ಲ. ಅದು ನನ್ನ ತಪ್ಪು.

ಎರಡನೆಯದು ಇನ್ನೂ ದೊಡ್ಡದು. ಮದುವೆಮನೆಯಲ್ಲಿ ಸಿಕ್ಕ ಆ ವಿದ್ಯಾರ್ಥಿನಿ ಮೂರು ವಾರಗಳ ಬಳಿಕ ಫೋನು ಮಾಡಿ, ಮಗಳ ಮೂತ್ರ ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲವೆಂದಳು. ನಾನು ನಿಟ್ಟುಸಿರು ಬಿಟ್ಟೆ. ಆಮೇಲೆ ಅವಳು ನಗುತ್ತಲೇ, "ಮೇಷ್ಟ್ರೇ, ಶಾಲಾ ವಾರ್ಷಿಕೋತ್ಸವದ ರಾಮಾಯಣ ನಾಟಕ ನೆನಪಿದೆಯೇ? ಸೀತೆಯ ಮಾತುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ನೀವು ನನ್ನನ್ನು ಶೂರ್ಪನಖಿ ಮಾಡಿದಿರಿ" ಎಂದಳು.

ನೆನಪಿತ್ತು. ಅಂದು ಸೀತೆಯಾದ ಹುಡುಗಿಗೆ ಮಾತು ಬರುತ್ತಿರಲಿಲ್ಲ; ಪರದೆಯ ಹಿಂದೆ ನಿಂತು ಹೇಳಿಕೊಡಬೇಕಾಯಿತು. ಆದರೆ ಅವಳು ಬೆಳ್ಳಗಿದ್ದಳು. ನಾನು ಆರಿಸಿದ್ದು ಅಷ್ಟನ್ನೇ ನೋಡಿ. ಮೂವತ್ತೇಳು ವರ್ಷ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದವಳು ತನ್ನ ಮಗಳಿಗೆ ಯಾವ ಭಯದಿಂದ ಆ ಡಬ್ಬಿಯನ್ನು ತಂದುಕೊಟ್ಟಿರಬಹುದೆಂದು ಕೇಳುವ ಧೈರ್ಯ ನನಗಾಗಲಿಲ್ಲ. "ತಪ್ಪಾಯಿತಮ್ಮ" ಎಂದಷ್ಟೇ ಹೇಳಿದೆ. "ಅಯ್ಯೋ ಬಿಡಿ ಮೇಷ್ಟ್ರೇ, ಆ ಕಾಲ ಹಾಗಿತ್ತು" ಎಂದಳು.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ; ಹೆಚ್ಚಿನವರು ತಂದೆತಾಯಿಗಳು. ಡಬ್ಬಿಯೊಳಗಿನ ವಿಷಕ್ಕೆ ಸರ್ಕಾರ ಮಿತಿ ಹಾಕೀತು. ನಮ್ಮ ಬಾಯಿಂದ ಬರುವ 'ಕರಿ', 'ಬಿಳಿ' ಎಂಬ ಮಾತುಗಳಿಗೆ ನಾವೇ ಮಿತಿ ಹಾಕಿಕೊಳ್ಳಬೇಕು.